ಒಳಬದಿಯ ನವಿಲುಗರಿ

ಪಳನಿ ಮರಳನ್ನು ಕಿವಿಯಿಂದ ಪರೀಕ್ಷೆ ಮಾಡುತ್ತಿದ್ದ. ಒಂದು ಹಿಡಿ ಕರಿ ಮರಳನ್ನು ಮುಷ್ಟಿಯಲ್ಲಿ ಒತ್ತಿ ಉಂಡೆ ಮಾಡಿ, ಬಲಗಿವಿಯ ಹತ್ತಿರ ಹಿಡಿದು, ಕಣ್ಣು ಮುಚ್ಚಿ, ಹೆಬ್ಬೆರಳಿನಿಂದ ಮೆಲ್ಲಗೆ ಮುರಿಯುತ್ತಿದ್ದ. ಆಗ ಅವನ ಮುಖ ನೋಡಬೇಕು. ಫೋನಿನಲ್ಲಿ ಯಾರೋ ಗುಟ್ಟು ಹೇಳುತ್ತಿದ್ದಾರೇನೋ ಎಂಬಂತೆ ಹುಬ್ಬು ಮೇಲೇರುತ್ತಿತ್ತು. ಆಮೇಲೆ ಕಣ್ಣು ಬಿಟ್ಟು, "ಇನ್ನೂ ಅಳ್ತಾ ಇದೆ ಸಾರ್, ನೀರು ಜಾಸ್ತಿ" ಎನ್ನುತ್ತಿದ್ದ. ಹದ ಬಂದಿದ್ದರೆ, "ಆಯ್ತು, ನಕ್ತು" ಎನ್ನುತ್ತಿದ್ದ. ಮರಳಿನ ತೇವ ಅಳೆಯಲು ನಮ್ಮಲ್ಲಿ ಒಂದು ಯಂತ್ರವೂ ಇತ್ತು. ಅದು ಐದು ನಿಮಿಷ ತಡವಾಗಿ ಅವನು ಹೇಳಿದ್ದನ್ನೇ ಹೇಳುತ್ತಿತ್ತು.

ನಾನು ಮಾಚೇನಹಳ್ಳಿಯ ಒಂದು ಸಣ್ಣ ಫೌಂಡ್ರಿಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದೆ. ಹೆಸರು ಕೇಳಿ ಯಾರೂ ಹೆದರಬೇಕಾಗಿಲ್ಲ. ಕೈಯಲ್ಲೊಂದು ಪುಟ್ಟ ಸುತ್ತಿಗೆ ಹಿಡಿದು, ಎರಕ ಹೊಯ್ದ ಕಬ್ಬಿಣದ ತುಂಡುಗಳನ್ನು ಟಣ್ ಟಣ್ ಎಂದು ಬಡಿದು, ಒಡಕು, ತೂತು ಹುಡುಕಿ, ಕೆಟ್ಟದ್ದಕ್ಕೆ ಕೆಂಪು ಬಣ್ಣ ಬಳಿಯುವ ಕೆಲಸ. ಶಿವಮೊಗ್ಗದಿಂದ ದಿನಾ ಬೆಳಿಗ್ಗೆ ಸಿಟಿ ಬಸ್ಸಿನಲ್ಲಿ ತೂಕಡಿಸುತ್ತಾ ನಾನು ಬರುತ್ತಿದ್ದೆ. ಆ ಕಡೆ ಭದ್ರಾವತಿಯಿಂದ ಸೈಕಲ್ಲಿನಲ್ಲಿ ಪಳನಿ ಬರುತ್ತಿದ್ದ. ಅವನ ಅಜ್ಜನ ಕಾಲದಲ್ಲಿ ಕಾರ್ಖಾನೆಯ ಕೆಲಸಕ್ಕೆಂದು ತಮಿಳುನಾಡಿನಿಂದ ಬಂದು ಹೊಳೆ ದಂಡೆಯಲ್ಲಿ ನೆಲೆಸಿದ ಕುಟುಂಬ. ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ, ಕಬ್ಬಿಣದ ಜೊತೆ ಮಾತ್ರ ಎರಡೂ.

ಎರಕದ ಕೆಲಸ ತಿಳಿಯದವರಿಗೆ ಒಂದು ಮಾತು ಹೇಳಬೇಕು. ಮರದ ಅಚ್ಚನ್ನು ಮರಳಿನಲ್ಲಿ ಒತ್ತಿ ತೆಗೆದರೆ ಒಂದು ಪೊಳ್ಳು ಉಳಿಯುತ್ತದೆ. ಅದಕ್ಕೆ ಕರಗಿದ ಕಬ್ಬಿಣ ಹೊಯ್ದು, ಮರುದಿನ ಮರಳಿನ ಪೆಟ್ಟಿಗೆ ಒಡೆದರೆ ಒಳಗೆ ವಸ್ತು ಸಿದ್ಧವಾಗಿರುತ್ತದೆ. ಈ ಮರಳು ಕಟ್ಟುವವನೇ ಮೋಲ್ಡರ್. ಪ್ರತಿಯೊಬ್ಬ ಮೋಲ್ಡರ್‌ಗೂ ಅವನದೇ ಆದ ಒಂದು ಗುರುತು ಇರುತ್ತದೆ. ಕರಣೆಯ ತುದಿಯಿಂದ ಮರಳಿನಲ್ಲಿ ಗೀಚಿಬಿಟ್ಟರೆ ಅದು ಕಬ್ಬಿಣದ ಮೇಲೆ ಉಬ್ಬಿ ನಿಲ್ಲುತ್ತದೆ. ಒಬ್ಬನದು ಎರಡು ಗೆರೆ, ಇನ್ನೊಬ್ಬನದು ಒಂದು ಸೊನ್ನೆ. ಕೆಟ್ಟರೆ ಯಾರಿಗೆ ಬೈಯಬೇಕು ಎಂದು ನನಗೆ ಗೊತ್ತಾಗಲಿ ಎಂದೇ ಈ ಪದ್ಧತಿ. ಪಳನಿಯದು ನವಿಲುಗರಿ. ಮುರುಗನ ಭಕ್ತ ತಾನೇ. ಎಲೆಯ ಹಾಗೆ ಒಂದು ಸುತ್ತು, ನಡುವೆ ಒಂದು ಚುಕ್ಕಿ, ಕೆಳಗೆ ಬಾಗಿದ ಕಡ್ಡಿ. ಮೂರು ಬೀಸಿಗೆ ಮುಗಿಯುತ್ತಿತ್ತು.

ಅದನ್ನು ಅವನು ಎದುರಿಗೇ, ಎಲ್ಲರಿಗೂ ಕಾಣುವ ಕಡೆಯೇ ಹಾಕುತ್ತಿದ್ದ. ಗಿರಾಕಿಗಳು ಗೊಣಗುತ್ತಿದ್ದರು. "ಒಂದು ಮೂಲೆಗೆ ಹಾಕೋ ಮಾರಾಯ" ಎಂದು ನಾನು ಎಷ್ಟು ಸಲ ಹೇಳಿದ್ದೇನೋ. ಅವನು ನನ್ನ ಹಣೆಯ ವಿಭೂತಿ ನೋಡಿ ನಗುತ್ತಿದ್ದ. "ನೀವು ಅದನ್ನ ಬೆನ್ನಿಗೆ ಹಚ್ಕೊಂಡು ಬನ್ನಿ ಸಾರ್. ಅವತ್ತಿಂದ ನಾನೂ ಒಳಗೆ ಹಾಕ್ತೀನಿ." ಇಷ್ಟು ಉದ್ಧಟತನ ಬೇರೆ ಯಾರು ತೋರಿದ್ದರೂ ನಾನು ಸಹಿಸುತ್ತಿರಲಿಲ್ಲ.

ಮಧ್ಯಾಹ್ನ ಊಟವಾದ ಮೇಲೆ ಬೇವಿನ ಮರದ ಕೆಳಗೆ ಮಲಗಿ, ನಿದ್ದೆಯೂ ಅಲ್ಲದ ಎಚ್ಚರವೂ ಅಲ್ಲದ ದನಿಯಲ್ಲಿ ಮಾತಾಡುವುದು ಅವನ ಅಭ್ಯಾಸ. "ಸಾರ್, ಇವತ್ತು ಕರಗಿಸಿದ ಗುಜರಿ ಕಬ್ಬಿಣ ಮೊದಲು ಏನಾಗಿತ್ತೋ? ಯಾವ ಊರ ಗೇಟೋ, ಯಾವ ಅಮ್ಮನ ಹೊಲಿಗೆ ಮೆಷಿನ್ನೋ. ನೀರಾಗಿ ಹೋಯ್ತು. ನಾಳೆ ಪಂಪಾಗಿ ಇನ್ಯಾವ ಊರಿಗೋ ಹೋಗುತ್ತೆ. ಅದಕ್ಕೆ ಹಳೇದು ನೆನಪಿರುತ್ತಾ?" ನಾನು, "ಮಲಕ್ಕೋ ಸುಮ್ನೆ" ಎನ್ನುತ್ತಿದ್ದೆ. ಯಾರಾದರೂ ಚುನಾವಣೆಯ ಮಾತೆತ್ತಿದರೆ, ಮದುವೆ ಸಂಬಂಧ ಹೇಗೆ ಎಂದು ಕೇಳಿದರೆ, ಅವನದು ಒಂದೇ ಉತ್ತರ. "ಬಾಕ್ಸ್ ಒಡೆದ ಮೇಲೆ ಮಾತಾಡುವಾ."

ಇಂಥ ಪಳನಿಯನ್ನು ಎರಡು ವರ್ಷ ಯಾರೋ ಕೂಡಿಹಾಕಿ, ಹೊಡೆದು, ಕೂಲಿಯಿಲ್ಲದೆ ದುಡಿಸಿಕೊಂಡರು. ಆ ಎರಡರಲ್ಲಿ ಒಂದು ವರ್ಷ ನನ್ನ ತಪ್ಪಿನಿಂದ ಆದದ್ದು. ಇದನ್ನು ಬರೆಯದೆ ಅವನ ಬಗ್ಗೆ ಬೇರೆ ಏನು ಬರೆದರೂ ಸುಳ್ಳಾಗುತ್ತದೆ.

ಒಂದು ಸೋಮವಾರ ಅವನು ಕೆಲಸಕ್ಕೆ ಬರಲಿಲ್ಲ. ಮಂಗಳವಾರವೂ ಇಲ್ಲ. ಫೋನ್ ಸ್ವಿಚಾಫ್. ವಾರ ಕಳೆದ ಮೇಲೆ ಅವನ ಹೆಂಡತಿ ಸೆಲ್ವಿ ಫೌಂಡ್ರಿಯ ಬಾಗಿಲಿಗೆ ಬಂದಳು. "ಉತ್ತರದ ಕಡೆ ಎಲ್ಲೋ ಕೆಲಸ ತೋರಿಸ್ಕೊಟ್ಟು ಬರ್ತೀನಿ, ನಾಲ್ಕು ದಿನ ಅಂದ್ರು ಸಾರ್. ನಿಮಗೆ ಹೇಳಿ ಹೋಗಿಲ್ವಾ?" ಹೇಳಿರಲಿಲ್ಲ. ಹೇಳಿದ್ದರೆ ನಾನು ರಜೆ ಕೊಡುತ್ತಿರಲಿಲ್ಲ ಎಂದು ಅವನಿಗೆ ಗೊತ್ತಿತ್ತು.

ಮೋಲ್ಡರ್‌ಗಳು ಹೀಗೆ ಹೋಗುವುದು ನಮ್ಮಲ್ಲಿ ಹೊಸದೇನಲ್ಲ. ಒಳ್ಳೆ ಕೈ ಇರುವವನನ್ನು ಇನ್ನೊಬ್ಬರು ಕರೆದುಕೊಂಡು ಹೋಗುತ್ತಾರೆ. ಅವನು ಒಂದು ಮಾತೂ ಹೇಳದೆ ಮಾಯವಾಗುತ್ತಾನೆ. ಆರು ತಿಂಗಳಾದ ಮೇಲೆ ದಾವಣಗೆರೆಯಲ್ಲೋ ಕೊಯಮತ್ತೂರಿನಲ್ಲೋ ಇದ್ದಾನೆ ಎಂದು ಸುದ್ದಿ ಬರುತ್ತದೆ. ಸೆಲ್ವಿ ದೂರು ಕೊಟ್ಟಳು, ಪೊಲೀಸರು ವಿಚಾರಿಸಲು ಫೌಂಡ್ರಿಗೂ ಬಂದರು. "ಇವರ ಕಸುಬೇ ಹೀಗೆ ಸಾರ್, ಎಲ್ಲೋ ಸೇರ್ಕೊಂಡಿರ್ತಾನೆ" ಎಂದು ಅವರಿಗೆ ಹೇಳಿದವನು ನಾನೇ. ಹೇಳುವಾಗ ನನಗೆ ಸಿಟ್ಟೂ ಇತ್ತು. ಹದಿನಾಲ್ಕು ವರ್ಷ ಜೊತೆಗಿದ್ದವನು ಹೋಗಿ ಬರುತ್ತೇನೆ ಎಂದೂ ಹೇಳಲಿಲ್ಲವಲ್ಲ ಎಂಬ ಸಿಟ್ಟು.

ಹೆಚ್ಚು ಕಡಿಮೆ ಒಂದು ವರ್ಷ ಹೀಗೆ ಕಳೆಯಿತು. ಒಂದು ಬೇಸಿಗೆಯ ಸಂಜೆ ಶಿವಮೊಗ್ಗದ ಬಸ್‌ಸ್ಟ್ಯಾಂಡಿನ ಹತ್ತಿರ ಕಬ್ಬಿನ ಹಾಲು ಕುಡಿಯಲು ನಿಂತೆ. ಅಂಗಡಿಯ ಇಮ್ತಿಯಾಜ್ ನನಗೆ ಪರಿಚಯದವನು. "ಅರೆ ಸಾರ್, ಲೋಹಾ ಕೆಲಸದವ್ರು ನೀವು, ಸ್ವಲ್ಪ ನೋಡಿ. ನಯಾ ಮಷೀನು, ಕರ್ ಕರ್ ಅಂತಿದೆ" ಎಂದ. ಎರಕದ ದಪ್ಪ ಚೌಕಟ್ಟಿನ ಯಂತ್ರ ಅದು. ಪಕ್ಕದ ತಗಡು ಬಿಚ್ಚಿ ಒಳಗೆ ಕೈಹಾಕಿದೆ. ಚೌಕಟ್ಟಿನ ಒಳಬದಿಯಲ್ಲಿ ಏನೋ ಉಬ್ಬು ಬೆರಳಿಗೆ ತಾಗಿತು. ಜಿಡ್ಡು ಒರೆಸಿ ಮೊಬೈಲಿನ ಬೆಳಕು ಬಿಟ್ಟೆ. ಸುತ್ತು, ಚುಕ್ಕಿ, ಬಾಗಿದ ಕಡ್ಡಿ. ನವಿಲುಗರಿ.

ಒಂದು ಕ್ಷಣ ಬದುಕಿದ್ದಾನಲ್ಲ ಎನ್ನಿಸಿತು. ಮರುಕ್ಷಣ ಅದೇ ಹಳೆಯ ಸಿಟ್ಟು ನೆತ್ತಿಗೇರಿತು. ಓಹೋ, ಸಾಹೇಬರು ಇಲ್ಲಿದ್ದಾರೋ! ಅಭ್ಯಾಸಬಲದಿಂದ ಪಕ್ಕದಲ್ಲಿದ್ದ ಸ್ಪ್ಯಾನರ್ ಎತ್ತಿಕೊಂಡು ಚೌಕಟ್ಟನ್ನು ಬಡಿದೆ. ದೇವಸ್ಥಾನದ ಗಂಟೆಯ ಹಾಗೆ ದನಿ ಬಂತು. ಒಂದು ತೂತಿಲ್ಲ, ಒಂದು ಒಡಕಿಲ್ಲ. ಅದಕ್ಕೂ ಸಿಟ್ಟು ಬಂತು. ನಮ್ಮ ಕೈಯನ್ನು ಇನ್ಯಾರಿಗೋ ಕೊಟ್ಟು ಕೂತಿದ್ದಾನಲ್ಲ ಎಂದುಕೊಂಡೆ.

ಮರುದಿನವೇ ಭದ್ರಾವತಿಗೆ ಹೋಗಿ ಸೆಲ್ವಿಗೆ ಹೇಳಿದೆ. "ಅವನಿಗೇನೂ ಆಗಿಲ್ಲಮ್ಮ. ಬೇರೆ ಕಡೆ ಆರಾಮಾಗಿ ಕೆಲಸ ಮಾಡ್ಕೊಂಡಿದ್ದಾನೆ. ಶಿವಮೊಗ್ಗ ಬಸ್‌ಸ್ಟ್ಯಾಂಡ್ ಹತ್ರ ಕಬ್ಬಿನ ಹಾಲಿನ ಅಂಗಡಿ ಮೆಷಿನ್ನಲ್ಲಿ ಅವನ ಗುರುತು ಕಣ್ಣಾರೆ ನೋಡಿ ಬಂದೆ." ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತಳು. "ಜೀವ ಇದೆಯಲ್ಲ ಸಾರ್, ಅಷ್ಟು ಸಾಕು" ಎಂದಳು. ಆದರೆ ಅವತ್ತಿನಿಂದ ಠಾಣೆಗೆ ಹೋಗುವುದನ್ನು ನಿಲ್ಲಿಸಿದಳು. ಗೋಡೆಯ ಮೇಲಿದ್ದ ಅವನ ಫೋಟೋ ತೆಗೆದಿಟ್ಟಳಂತೆ. ಅವನಿಗೆ ಅಲ್ಲೊಂದು ಸಂಸಾರ ಇದೆ ಎಂದು ಬೀದಿಯವರು ಆಡಿಕೊಂಡರು. ನಾನು ಒಳ್ಳೆ ಸುದ್ದಿ ತಲುಪಿಸಿದವನ ಹಾಗೆ ನೆಮ್ಮದಿಯಾಗಿ ಬಸ್ ಹತ್ತಿ ಬಂದಿದ್ದೆ.

ಮತ್ತೊಂದು ಬೇಸಿಗೆ ಬಂತು. ಒಂದು ಬೆಳಿಗ್ಗೆ ಸೆಲ್ವಿ ಮತ್ತೆ ಫೌಂಡ್ರಿಯ ಗೇಟಿನಲ್ಲಿ ನಿಂತಿದ್ದಳು.

"ಸಾರ್, ನಿನ್ನೆ ಶಿವಮೊಗ್ಗಕ್ಕೆ ಹೋಗಿದ್ದೆ. ಆ ಕಬ್ಬಿನ ಹಾಲಿನ ಅಂಗಡಿಗೆ."

"ಯಾಕಮ್ಮ?"

"ಬೈಯೋಕೆ. ಮನುಷ್ಯ ಅಂತೂ ಸಿಗ್ತಿಲ್ಲ, ಅವ್ರ ಗುರುತಿಗಾದ್ರೂ ನಾಲ್ಕು ಬೈದು ಬರೋಣ ಅಂತ ಹೋದೆ. ಅಂಗಡಿಯವರು ಪಾಪ, ಮೆಷಿನ್ ಬಿಚ್ಚಿ ತೋರಿಸಿದ್ರು. ಸಾರ್, ಅದು ಒಳಗಿದೆ. ಒಳಗಿದೆ ಅಂತ ನೀವು ನಂಗೆ ಹೇಳಲೇ ಇಲ್ಲ."

"ಎಲ್ಲಿದ್ರೇನಮ್ಮ..." ಎಂದು ಶುರುಮಾಡಿದೆ.

"ಅವ್ರು ಒಳಗೆ ಹಾಕೋರಾ ಸಾರ್?" ಎಂದಳು. "ಅವ್ರು? ಎಲ್ಲರಿಗೂ ಕಾಣ್ಲಿ ಅಂತ ನಿಮ್ಮ ಹತ್ರ ಜಗಳ ಆಡ್ತಿದ್ರಲ್ಲ, ಅವ್ರು ಯಾಕೆ ಬಚ್ಚಿಡ್ತಾರೆ?"

ದಿನಕ್ಕೆ ನೂರು ತುಂಡು ಪರೀಕ್ಷೆ ಮಾಡುವ ನಾನು, ಗುರುತು ಎಲ್ಲಿದೆ ಎಂಬುದನ್ನೇ ಮೊದಲು ನೋಡುವ ನಾನು, ಅವತ್ತು ಯಾರ ಗುರುತು ಎಂದಷ್ಟೇ ನೋಡಿದ್ದೆ. ತನ್ನಿಷ್ಟದಿಂದ ಕೆಲಸ ಮಾಡುವ ಮೋಲ್ಡರ್ ಗುರುತನ್ನು ಮುಚ್ಚಿಡುವುದಿಲ್ಲ. ಮುಚ್ಚಿಟ್ಟಿದ್ದಾನೆ ಎಂದರೆ ಅದನ್ನು ನೋಡಬಾರದವರು ಅಲ್ಲಿದ್ದಾರೆ. ನೋಡಬೇಕಾದವರು ಹೊರಗಿದ್ದಾರೆ. ಅವನು ಕೂಗಿದ್ದ, ನನಗೆ ಕೇಳಿಸಿಯೂ ಇತ್ತು. ನಾನು ಅದನ್ನು ಜಂಬ ಎಂದುಕೊಂಡಿದ್ದೆ.

ಯಂತ್ರದ ಮೇಲೆ ಅದನ್ನು ಮಾರಿದವರ ಚೀಟಿ ಇತ್ತು. ಅದನ್ನು ಹಿಡಿದುಕೊಂಡು ಸೆಲ್ವಿ ಮತ್ತು ನಾನು ಜಿಲ್ಲಾ ಕಚೇರಿಗೆ ಹೋದೆವು. ಅಲ್ಲಿನ ಒಬ್ಬ ಅಧಿಕಾರಿ, ಮಧ್ಯವಯಸ್ಸಿನ ಹೆಂಗಸು, ನವಿಲುಗರಿಯ ಕಥೆಯನ್ನು ನಗದೆ ಕೇಳಿದರು. ಮಾರಿದವರನ್ನು ವಿಚಾರಿಸಿ, ಯಂತ್ರ ತಯಾರಾದ ಉತ್ತರದ ಜಿಲ್ಲೆಗೆ ಅಲ್ಲಿಂದ ಪತ್ರ ಹೋಯಿತು, ಫೋನುಗಳು ಹೋದವು. ಮೂರನೇ ವಾರ ನಾವಿಬ್ಬರೂ ಇಬ್ಬರು ಪೊಲೀಸರ ಜೊತೆ ರೈಲಿನಲ್ಲಿದ್ದೆವು. ಎರಡು ದಿನದ ಆ ಪ್ರಯಾಣದಲ್ಲಿ ಸೆಲ್ವಿ ಕಿಟಕಿ ಬಿಟ್ಟು ಕದಲಲಿಲ್ಲ. ಹೊಲ, ನದಿ, ಮತ್ತೆ ಹೊಲ. ಹೆಸರು ಓದಲು ಬಾರದ ಊರುಗಳು ಬಿಸಿಲಿನಲ್ಲಿ ತೇಲಿ ಹಿಂದೆ ಹೋಗುತ್ತಿದ್ದವು. ಒಮ್ಮೆ ಮಾತ್ರ, "ಇಷ್ಟು ದೂರದಿಂದ ಆ ಕಬ್ಬಿಣ ನಮ್ಮೂರಿಗೆ ದಾರಿ ಹುಡುಕ್ಕೊಂಡು ಬಂತಲ್ಲ ಸಾರ್" ಎಂದಳು.

ಕಬ್ಬಿನ ಗದ್ದೆಗಳ ನಡುವೆ ಎತ್ತರದ ಗೋಡೆಯ ಒಂದು ಶೆಡ್ಡು. ಕಿಟಕಿ ಇಲ್ಲ. ಅಲ್ಲಿನ ಅಧಿಕಾರಿಗಳು ಗೇಟು ತೆಗೆಸಿದರು. ಯಜಮಾನ ಕೈಮುಗಿದು ಕುರ್ಚಿ ಹಾಕಿಸಿದ. ಎಲ್ಲರೂ ತಾವಾಗಿ ಬಂದವರು, ಮನೆಮಕ್ಕಳ ಹಾಗೆ ನೋಡಿಕೊಂಡಿದ್ದೇನೆ, ಬೇಕಾದರೆ ಅವರನ್ನೇ ಕೇಳಿ ಎಂದ. ಆರು ಜನರನ್ನು ಸಾಲಾಗಿ ನಿಲ್ಲಿಸಿದರು. ಗಡ್ಡದ ನಡುವೆ ಪಳನಿಯನ್ನು ಗುರುತಿಸಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಅವನು ನಮ್ಮನ್ನು ನೋಡಿದ. ಸೆಲ್ವಿಯನ್ನು ನೋಡಿದ. ಮುಖದಲ್ಲಿ ಏನೂ ಬದಲಾಗಲಿಲ್ಲ. ದಿನಾ ಕಾಣುವ ಕನಸನ್ನು ಇನ್ನೊಂದು ಸಲ ನೋಡುತ್ತಿರುವವನ ಹಾಗೆ ಸುಮ್ಮನೆ ನಿಂತಿದ್ದ.

"ನೀನು ನಿನ್ನ ಇಷ್ಟದಿಂದ ಇಲ್ಲಿದ್ದೀಯಾ?" ಅಧಿಕಾರಿ ಹಿಂದಿಯಲ್ಲಿ ಕೇಳಿದರು. ಯಜಮಾನನ ಇಬ್ಬರು ಮಕ್ಕಳು ಹಿಂದೆಯೇ ನಿಂತಿದ್ದರು. ಪಳನಿ ಬಾಯಿ ಬಿಡಲಿಲ್ಲ. ಇನ್ನೊಮ್ಮೆ ಕೇಳಿದರು. ಆಗ ಅವನು ಸಾಲಿನಿಂದ ಹೊರಗೆ ಬಂದು ಅಂಗಳಕ್ಕೆ ನಡೆದ. ಅಲ್ಲಿ ಲಾರಿಗೆ ತುಂಬಲು ಇಟ್ಟಿದ್ದ ಕಬ್ಬಿನ ಯಂತ್ರದ ಚೌಕಟ್ಟುಗಳ ರಾಶಿ ಇತ್ತು. ಬಗ್ಗಿ ಒಂದನ್ನು ಮಗುಚಿದ. ಒಳಬದಿಯಲ್ಲಿ ನವಿಲುಗರಿ. ಇನ್ನೊಂದು ಮಗುಚಿದ. ನವಿಲುಗರಿ. ಮೂರನೆಯದು, ನಾಲ್ಕನೆಯದು. ಎಡಗೈಯ ಎರಡು ಬೆರಳು ಮಡಚುತ್ತಿರಲಿಲ್ಲ, ಮೊಣಕಾಲು ಕೊಟ್ಟು ಮಗುಚುತ್ತಿದ್ದ. ಸ್ವಲ್ಪ ಹೊತ್ತಿಗೆ ಉಳಿದ ಐವರೂ ಬಂದು ಕೈಹಾಕಿದರು. ಅಂಗಳದ ತುಂಬ ಕಬ್ಬಿಣ ಮಲಗಿತ್ತು, ಪ್ರತಿಯೊಂದರಲ್ಲೂ ಒಂದು ಕಣ್ಣು ಬಿಸಿಲಿಗೆ ತೆರೆದಿತ್ತು. ಸೆಲ್ವಿ ಅಲ್ಲೇ ನೆಲದ ಮೇಲೆ ಕುಳಿತು ಜೋರಾಗಿ ಅತ್ತಳು. ಅಧಿಕಾರಿ ಮೂರನೇ ಸಲ ಪ್ರಶ್ನೆ ಕೇಳಲಿಲ್ಲ.

ಹಿಂದಿರುಗುವ ರೈಲಿನಲ್ಲಿ ಅವನು ಆಗಾಗ ನನ್ನ ಅಂಗಿಯ ತೋಳನ್ನು ಮುಟ್ಟಿ ನೋಡುತ್ತಿದ್ದ. ಬಟ್ಟೆ ನಿಜವೋ ಎಂದು ಪರೀಕ್ಷೆ.

ಅವನ ಕಥೆ ಒಟ್ಟಿಗೆ ಸಿಗಲಿಲ್ಲ. ಭಾನುವಾರಗಳಂದು ನಾನು ಭದ್ರಾವತಿಗೆ ಹೋಗುತ್ತಿದ್ದೆ. ಇಬ್ಬರೂ ಹೊಳೆಯ ಮೆಟ್ಟಿಲ ಮೇಲೆ ಕೂರುತ್ತಿದ್ದೆವು. ನೀರು ನೋಡುತ್ತಾ ಅವನು ಒಂದೊಂದು ತುಣುಕು ಹೇಳುತ್ತಿದ್ದ, ನಡುವೆ ಎಲ್ಲೋ ಕಳೆದುಹೋಗುತ್ತಿದ್ದ. ಮಾಚೇನಹಳ್ಳಿಯ ಟೀ ಅಂಗಡಿಗೆ ಇಬ್ಬರು ಬಂದಿದ್ದರಂತೆ. ಚೀಲದಲ್ಲಿ ತೂತುಬಿದ್ದ ಒಂದು ಎರಕ, ಪ್ಲಾಸ್ಟಿಕ್ ಕವರಿನಲ್ಲಿ ಒಂದು ಹಿಡಿ ಮರಳು. "ಯಾರ ಕೈಯಲ್ಲೂ ಸರಿಹೋಗ್ತಿಲ್ಲ ಅಂದ್ರು ಸಾರ್. ಮರಳು ಕಿವಿಗೆ ಹಿಡಿದೆ. ಇದು ಸತ್ತಿದೆ, ನಾನು ಬದುಕಿಸ್ತೀನಿ ಅಂದೆ. ಜಂಬ ಸಾರ್, ಬೇರೇನಿಲ್ಲ. ನಿಮ್ಮನ್ನ ಕೇಳಿದ್ರೆ ಬೇಡ ಅಂತೀರ ಅಂತ ಹೇಳದೆ ಹೋದೆ." ರೈಲಿನಲ್ಲಿ ಅವರು ಕೊಟ್ಟ ಟೀ ಕುಡಿದದ್ದು ನೆನಪಿದೆ. ಎಚ್ಚರವಾದಾಗ ಒಂದು ವ್ಯಾನಿನಲ್ಲಿದ್ದ. ಫೋನಿಲ್ಲ, ಆಧಾರ್ ಕಾರ್ಡಿಲ್ಲ. ಆಮೇಲೆ ಆ ಗೇಟು.

"ನಾಲ್ಕು ದಿನ ಆಯ್ತು, ಮರಳು ಸರಿ ಮಾಡ್ಕೊಟ್ಟೆ, ಹೊರಡ್ತೀನಿ ಅಂದೆ. ಯಜಮಾನ ನಕ್ಕ. ಸಾರ್, ಹೊಡೆತ ಮರ್ತುಹೋಯ್ತು. ಆ ನಗು ಮರ್ತಿಲ್ಲ."

ಮೊದಲನೇ ಸಲ ಹಾಡುಹಗಲೇ ಗೋಡೆ ಹಾರಿ ಕಬ್ಬಿನ ಗದ್ದೆಯೊಳಗೆ ಓಡಿದ್ದ. ಊರಿನವರೇ ಹಿಡಿದು ತಂದರು. ಕಳ್ಳನೊಬ್ಬ ತಪ್ಪಿಸಿಕೊಂಡಿದ್ದಾನೆ ಎಂದು ಅವರಿಗೆ ಹೇಳಿಯಾಗಿತ್ತು. ಎರಡನೇ ಸಲ ಲಾರಿಯಲ್ಲಿ, ಎರಕಗಳ ಕೆಳಗೆ ಅಡಗಿದ. ಗೇಟಿನಲ್ಲಿ ಸಿಕ್ಕಿಬಿದ್ದ. ಬೆರಳು ಮುರಿದದ್ದು ಆಗಲೇ. ಕೆಲಸಕ್ಕೆ ಬಾರದವರನ್ನು ಅವರು ದೂರದ ರೈಲ್ವೆ ಸ್ಟೇಷನ್ನಿನಲ್ಲಿ ತಳ್ಳಿ ಬರುತ್ತಿದ್ದರಂತೆ. ಅದು ತಿಳಿದ ಮೇಲೆ ಪಳನಿ ಬೇಕೆಂದೇ ಕೆಲಸ ಕೆಡಿಸಲು ನೋಡಿದ. ಒಂದು ಅಚ್ಚಿಗೆ ನೀರು ಹೆಚ್ಚು ಹಾಕಿದ. ಒದ್ದೆ ಮರಳಿಗೆ ಕರಗಿದ ಕಬ್ಬಿಣ ಬಿದ್ದರೆ ಅದು ಸಿಡಿಯುತ್ತದೆ. ಸಿಡಿಯಿತು. ಪಕ್ಕದಲ್ಲಿದ್ದ ರಾಮಸೇವಕ್ ಎಂಬವನ ಕಾಲು ಸುಟ್ಟುಹೋಯಿತು. ಅವನೂ ಇವನ ಹಾಗೆಯೇ ಸಿಕ್ಕಿಬಿದ್ದವನು.

"ಅವನು ಕಿರುಚಿದ್ದು ಇವತ್ತಿಗೂ ಈ ಕಿವೀಲಿದೆ ಸಾರ್. ಆಮೇಲೆ ಕೆಟ್ಟ ಕೆಲಸ ಮಾಡೋಕೆ ಕೈಯೇ ಬರ್ಲಿಲ್ಲ. ಚೆನ್ನಾಗಿ ಮಾಡಿದ್ದಕ್ಕೇ ನನ್ನ ಬಿಡ್ಲಿಲ್ಲ. ನನ್ನ ಕೈಯೇ ನಂಗೆ ಬೀಗ ಹಾಕ್ತು."

ಆಗ ಗುರುತು ಹಾಕಲು ಶುರುಮಾಡಿದ. ಹೊರಗೆ ಹಾಕಿದರೆ ಅಳಿಸಿ ಹೊಡೆಯುತ್ತಿದ್ದರು. ಒಳಬದಿಯನ್ನು ಯಾರೂ ನೋಡುತ್ತಿರಲಿಲ್ಲ. ಎಲ್ಲಿ ಹೋಗುತ್ತದೆ ಎಂದು ಗೊತ್ತಿಲ್ಲದೆ ದಿನಾ ಹತ್ತು ಹನ್ನೆರಡು ಗರಿ ಹಾರಿಬಿಡುತ್ತಿದ್ದ. ಹಗಲೆಲ್ಲ ಮರಳು ಕಟ್ಟುವಾಗ ಮನಸ್ಸಿನಲ್ಲೇ ಭದ್ರಾವತಿಯಲ್ಲಿ ನಡೆಯುತ್ತಿದ್ದನಂತೆ. ಬಸ್‌ಸ್ಟ್ಯಾಂಡಿನಿಂದ ಹೊರಟು, ಸೇತುವೆ ದಾಟಿ, ಒಂದೊಂದೇ ಅಂಗಡಿ ಎಣಿಸುತ್ತಾ ಮನೆಯವರೆಗೆ. ಒಂದು ಅಂಗಡಿ ಮರೆತರೆ ಮತ್ತೆ ಬಸ್‌ಸ್ಟ್ಯಾಂಡಿಗೆ ಹಿಂದಿರುಗಿ ಮೊದಲಿನಿಂದ ಹೊರಡುವುದು. "ಒಂದಿನ ಹೊಳೆ ವಾಸನೇನೂ ಬಂತು ಸಾರ್, ನಿಜವಾಗ್ಲೂ. ಯಾವ ಊರು ಕನಸು, ಯಾವುದು ನಿಜ ಅಂತ ತಿಳೀಲಿಲ್ಲ." ಕೂತಿದ್ದ ಮೆಟ್ಟಿಲನ್ನು ಅಂಗೈಯಿಂದ ಒತ್ತಿ ನೋಡಿ ಕೇಳಿದ. "ಈಗ ಕೂತಿದ್ದೀವಲ್ಲ, ಇದು ಯಾವುದು ಸಾರ್?"

"ಇದು ಭದ್ರಾವತಿ ಕಣಯ್ಯಾ" ಎಂದೆ. ಅವನು ತಲೆಯಾಡಿಸಿದ. ಪೂರ್ತಿ ನಂಬಿದ ಹಾಗೆ ಕಾಣಲಿಲ್ಲ.

ಗೇಟು ಇರುವ ಕಡೆ ಅವನು ಮತ್ತೆ ಕಾಲಿಡಲಿಲ್ಲ. ನಮ್ಮ ಫೌಂಡ್ರಿಯ ಒಳಗೂ ಬರಲಿಲ್ಲ. ಎದುರಿನ ಟೀ ಅಂಗಡಿಯ ಬೆಂಚಿನ ಮೇಲೆ ಕೂರುತ್ತಿದ್ದ. ನಮ್ಮ ಮೋಲ್ಡರ್‌ಗಳು ಕಾಗದದಲ್ಲಿ ಮರಳು ತಂದು ಅವನ ಕಿವಿಗೆ ಹಿಡಿಸಿಕೊಂಡು ಹೋಗುತ್ತಿದ್ದರು. ಇನ್ನೊಂದು ಹೊಸ ಅಭ್ಯಾಸ ಬಂದಿತ್ತು. ಮಾತಿನ ನಡುವೆ, ಟೀ ಅರ್ಧ ಇರುವಾಗಲೇ, ಎದ್ದು ಹೋಗಿಬಿಡುತ್ತಿದ್ದ. "ಯಾಕಯ್ಯಾ ಹಂಗೆ ಎದ್ದು ಹೋದೆ?" ಎಂದರೆ, "ಹೋಗ್ಬೇಕು ಅನ್ನಿಸ್ತು ಸಾರ್, ಹೋದೆ" ಎನ್ನುತ್ತಿದ್ದ. ಅದನ್ನು ಹೇಳುವಾಗ ಅವನ ಮುಖದಲ್ಲಿ ಬರುತ್ತಿದ್ದ ಕಳೆ ನೋಡಲು ನಾನು ಬೇಕೆಂದೇ ಕೇಳುತ್ತಿದ್ದೆ.

ಎರಡು ಮಳೆಗಾಲ ಕಳೆದವು. ಕೆಮ್ಮು ಹೆಚ್ಚುತ್ತಿತ್ತು. ಆ ಕಿಟಕಿಯಿಲ್ಲದ ಶೆಡ್ಡಿನ ದೂಳು ಎದೆಯಲ್ಲಿ ಕೂತಿದೆ ಎಂದು ಡಾಕ್ಟರು ಹೇಳಿದ್ದರು. ನನ್ನ ಎದೆಯಲ್ಲಿ ಕೂತದ್ದನ್ನು ನಾನು ಇನ್ನೂ ಹೇಳಿರಲಿಲ್ಲ. ಗುರುತನ್ನು ಸೆಲ್ವಿ ಹೋಗಿ ನೋಡಿದ್ದರಿಂದ ಸುಳಿವು ಸಿಕ್ಕಿತು ಎಂದಷ್ಟೇ ಅವನಿಗೆ ಗೊತ್ತಿತ್ತು. ಅದಕ್ಕೂ ಒಂದು ವರ್ಷ ಮುಂಚೆ ನಾನು ಅದನ್ನು ನೋಡಿದ್ದೆ ಎಂದು ಸೆಲ್ವಿ ಹೇಳಿರಲಿಲ್ಲ. ಪ್ರತಿ ಭಾನುವಾರ ಹೇಳಲೇಬೇಕು ಎಂದುಕೊಂಡು ಹೊರಡುವುದು, ಮೆಟ್ಟಿಲ ಮೇಲೆ ಕೂತ ಮೇಲೆ ಹೊಳೆಯ ನೀರು ಎಷ್ಟು ಏರಿದೆ ಎಂದು ಮಾತಾಡಿ ಬರುವುದು. ಹೇಡಿತನಕ್ಕೆ ನಾನು ಎಷ್ಟೊಂದು ಬಸ್ ಹತ್ತಿದೆನೋ.

ಕೊನೆಗೆ ಒಂದು ಮಂಗಳವಾರ, ಟೀ ಅಂಗಡಿಯ ಬೆಂಚಿನ ಮೇಲೆ ಹೇಳಿಬಿಟ್ಟೆ. ಇಮ್ತಿಯಾಜನ ಅಂಗಡಿ, ಜಿಡ್ಡು ಒರೆಸಿದ್ದು, ಸಿಟ್ಟು ಬಂದದ್ದು, ಸೆಲ್ವಿಗೆ ಹೇಳಿದ್ದು, ಪೊಲೀಸರಿಗೆ ಹೇಳಿದ್ದು. ಒಂದನ್ನೂ ಬಿಡಲಿಲ್ಲ. "ನಿನ್ನ ಒಂದು ವರ್ಷ ನಾನು ತಿಂದೆ ಪಳನಿ. ತಪ್ಪಾಯ್ತು" ಎಂದೆ.

ಅವನು ಲೋಟ ಕೆಳಗಿಟ್ಟ. ರಸ್ತೆಯಲ್ಲಿ ಹೋಗುವ ಬಸ್ಸುಗಳನ್ನು ನೋಡಿದ. ಎಷ್ಟೋ ಹೊತ್ತು ನೋಡಿದ.

"ಒಂದು ವರ್ಷ" ಎಂದ. ನನಗಲ್ಲ, ತನಗೆ ಹೇಳಿಕೊಂಡದ್ದು. ಆಮೇಲೆ ನನ್ನ ಕಡೆ ತಿರುಗಿದ. "ಸಾರ್, ಇದಕ್ಕೆ ಈಗ ನಾನು ಏನೂ ಹೇಳಲ್ಲ. ಹೇಳೋಕಾಗಲ್ಲ. ಭಾನುವಾರ ಹೊಳೆ ಹತ್ರ ಬೇಡ, ಮನೆಗೆ ಬನ್ನಿ."

ಎದ್ದ. ಸೈಕಲ್ ಹತ್ತಿ ಭದ್ರಾವತಿಯ ಕಡೆ ಹೊರಟ. ತಿರುಗಿ ನೋಡಲಿಲ್ಲ. ಅದೇ ನಾನು ಅವನನ್ನು ಕೊನೆಯ ಸಲ ನೋಡಿದ್ದು. ಶುಕ್ರವಾರ ಬೆಳಿಗ್ಗೆ ಉಸಿರು ಕಟ್ಟಿ, ಆಸ್ಪತ್ರೆಗೆ ಆಟೋ ಬರುವ ಮೊದಲೇ ಹೋಗಿಬಿಟ್ಟ. ಭಾನುವಾರ ಅವನು ಏನು ಹೇಳುವವನಿದ್ದ ಎಂಬುದು ಅವನ ಜೊತೆಗೇ ಹೋಯಿತು ಎಂದುಕೊಂಡೆ. ಮಣ್ಣು ಮಾಡುವಾಗ ನಾನು ಹಿಂದೆ ನಿಂತಿದ್ದೆ. ಮುಂದೆ ಹೋಗಿ ಒಂದು ಹಿಡಿ ಮಣ್ಣು ಹಾಕಲು ಮುಖವಿರಲಿಲ್ಲ.

ಹದಿನಾರನೇ ದಿನದ ಕಾರ್ಯಕ್ಕೆ ಸೆಲ್ವಿ ಹೇಳಿಕಳಿಸಿದಳು. ಬಂದವರೆಲ್ಲ ಉಂಡು ಹೋದ ಮೇಲೆ ನಾನು ಎಂದಿನಂತೆ ಜಗುಲಿಯಲ್ಲಿ ಕುಳಿತಿದ್ದೆ. ಇಷ್ಟು ವರ್ಷಗಳಲ್ಲಿ ನಾನು ಆ ಮನೆಯಲ್ಲಿ ಟೀ ಬಿಟ್ಟು ಬೇರೇನೂ ಮುಟ್ಟಿದವನಲ್ಲ. ಮೀನು ಮಾಂಸದ ಮನೆ ಎಂದು ನಾನು ಬಾಯಿಬಿಟ್ಟು ಹೇಳಿರಲಿಲ್ಲ. ಅವರು ಕೇಳಿಯೂ ಇರಲಿಲ್ಲ.

ಸೆಲ್ವಿ ಒಳಗಿನಿಂದ ಒಂದು ಪಾತ್ರೆ ತಂದು ನನ್ನ ಮುಂದಿಟ್ಟಳು. ಸ್ಟೀಲಿನ ಹೊಸ ಪಾತ್ರೆ, ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡೇ ಇತ್ತು.

"ಮಂಗಳವಾರ ಬಂದವ್ರು ಊಟ ಮಾಡ್ಲಿಲ್ಲ ಸಾರ್. ನಂಗೂ ಬೈದ್ರು, ಯಾಕೆ ಮುಚ್ಚಿಟ್ಟೆ ಅಂತ. ಸಾರ್ ಬಾಯಿಂದ್ಲೇ ಬರ್ಲಿ ಅಂತ ಸುಮ್ನಿದ್ದೆ ಅಂದೆ. ಬುಧವಾರ ಪೂರ್ತಿ ಗೋಡೆ ಕಡೆ ಮುಖ ಮಾಡ್ಕೊಂಡು ಮಲಗಿದ್ರು. ಗುರುವಾರ ಎದ್ದು, ಆ ಕೆಮ್ಮಲ್ಲೇ ಪೇಟೆಗೆ ಹೋಗಿ ಇದನ್ನ ತಂದ್ರು."

"ಯಾಕೆ?" ಎಂದೆ.

"ಭಾನುವಾರ ಸಾರ್ ನಮ್ಮನೇಲಿ ಉಣ್ತಾರೆ, ನಮ್ಮ ಮೀನಿನ ಪಾತ್ರೇಲಿ ಮಾಡ್ಬೇಡ, ಇದ್ರಲ್ಲಿ ಅನ್ನ ಮಾಡು ಅಂದ್ರು. ಅಷ್ಟೇ ಹೇಳಿದ್ದು ಸಾರ್."

ಪಾತ್ರೆಯನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಚೀಟಿಯನ್ನು ಉಗುರಿನಿಂದ ಕೆರೆದು ತೆಗೆಯಲು ಬಹಳ ಹೊತ್ತು ಹಿಡಿಯಿತು, ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ. ಆಮೇಲೆ ಅದನ್ನು ಅವಳ ಕೈಗೆ ಕೊಟ್ಟು, "ಅನ್ನಕ್ಕಿಡಮ್ಮ, ಹಸಿವಾಗಿದೆ" ಎಂದೆ.